ಕೋಳಿಯ ಬಣ್ಣ, ಕೋಳಿಯ ಕುಲ

ಕೋಳಿಯ ಗರಿಯ ವಿಚಾರವಾಗಿ ಒಂದು ಉಪನ್ಯಾಸವೆ ಎಂದು ಕೇಳುಗರಲ್ಲಿ ಕೆಲವರು ನಗಬಹುದು. ಪಟ್ಟಣವಾಸಿಗಳಾದ ನಮಗೆ ಕೋಳಿಯೆಂದರೆ ಒಂದೋ ಬೆಳಗಿನ ಜಾವದ ಕೂಗು, ಇಲ್ಲವೆ ಊಟದ ಪದಾರ್ಥ. ಅದರ ಬಣ್ಣವನ್ನು ನಿಂತು ನೋಡುವಷ್ಟು ವ್ಯವಧಾನ ನಮಗಿಲ್ಲ. ಆದರೆ ಸಂತೆಯಲ್ಲಿ ಕೋಳಿ ಕೊಳ್ಳುವವರನ್ನು ಗಮನಿಸಿದರೆ ಬೇರೊಂದು ಸಂಗತಿ ತಿಳಿದುಬರುವುದು. ಕಾಲು ಹಿಡಿದೆತ್ತಿ ತೂಕ ನೋಡುವುದಕ್ಕೆ ಮೊದಲು ಅವರು ಬಣ್ಣವನ್ನು ನೋಡುವರು. ಕೆಂಪಿದ್ದರೆ, ಕಪ್ಪಿದ್ದರೆ, ಚುಕ್ಕೆಯಿದ್ದರೆ ಅದು ಊರಕೋಳಿ; ಅಚ್ಚ ಬಿಳಿದಾಗಿದ್ದರೆ ಫಾರಂ ಕೋಳಿ. ತೀರ್ಪು ಅಲ್ಲಿಗೇ ಮುಗಿಯಿತು. ತೀರ್ಪಿಗೆ ತಕ್ಕಂತೆ ಬೆಲೆಯೂ ಏರಿತು, ಇಳಿಯಿತು. ಈ ತೀರ್ಪನ್ನು ಎಷ್ಟರಮಟ್ಟಿಗೆ ನಂಬಬಹುದು? ಬಣ್ಣವನ್ನು ನೋಡಿ ಕೋಳಿಯ ಸಂತಾನವನ್ನು ಬೆಳೆಸುವವರು ಏನನ್ನು ಉಳಿಸಿಕೊಳ್ಳುವರು, ಏನನ್ನು ಕಳೆದುಕೊಳ್ಳುವರು? ಇವೇ ಇಂದಿನ ವಿಚಾರ.

ಈ ವಿಚಾರವನ್ನು ಹರಿಹರದಲ್ಲಿ ನಿಂತು ಮಾಡುವುದಕ್ಕೆ ಕಾರಣಗಳುಂಟು. ಊರಕೋಳಿಯನ್ನು ತೆಂಕಣ ಕನ್ನಡಿಗರು ‘ನಾಟಿ’ಯೆನ್ನುವರು, ಬಡಗಣವರು ‘ಜವಾರಿ’ಯೆನ್ನುವರು, ತುಂಗಭದ್ರೆಯ ದಡದ ಈ ಊರಿನಲ್ಲಿ ಎರಡು ಮಾತೂ ನಡೆಯುವುವು. ಸುತ್ತಣ ದಾವಣಗೆರೆಯ ಸೀಮೆಯೋ ಮೆಕ್ಕೆಜೋಳಕ್ಕೆ ಹೆಸರಾದುದು. ಮೆಕ್ಕೆಜೋಳವೇ ಫಾರಂ ಕೋಳಿಗಳ ಮುಖ್ಯವಾದ ಆಹಾರ. ಹೀಗೆ ಹಿತ್ತಲ ಕೋಳಿಯೂ ಅದರ ಎದುರಾಳಿಯ ಮೇವೂ ಒಂದೇ ನೆಲದಲ್ಲಿವೆ. ಮೂರನೆಯದಾಗಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 13ನೆಯ ಶತಮಾನದಲ್ಲಿ ಕಟ್ಟಿಸಿದ ದೇಗುಲದಲ್ಲಿ ಹರಿಹರೇಶ್ವರನಿದ್ದಾನೆ. ಒಂದೇ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ; ಇಬ್ಬರೂ ಕೂಡಿದ್ದಾರೆ, ಆದರೆ ಒಬ್ಬರಲ್ಲಿ ಒಬ್ಬರು ಕರಗಿಹೋಗಿಲ್ಲ. ಈ ಮೂರ್ತಿಗೂ ಕೋಳಿಯ ಬಣ್ಣಕ್ಕೂ ಏನು ಸಂಬಂಧವೆಂಬುದು ಮುಂದೆ ತಿಳಿಯುವುದು.

ಕೋಳಿಯ ಬಣ್ಣವನ್ನು ನಮ್ಮ ಜನ ನೆನ್ನೆ ಮೊನ್ನೆ ಕಂಡವರಲ್ಲ. ತುಳುನಾಡಿನ ಕೋಳಿ ಅಂಕದಲ್ಲಿ ಬಿಳಿಯ ಹುಂಜ ‘ಬೊಳ್ಳೆ’, ಕಾಗೆಯಂತೆ ಕಪ್ಪಾದುದು ‘ಕಕ್ಕೆ’; ತೆಲುಗರಲ್ಲಿ ಕಪ್ಪಿನದು ‘ಕಾಕಿ’, ಕೆಂಪಿನದು ‘ಡೇಗ’, ನವಿಲುಬಣ್ಣದ್ದು ‘ನೆಮಲಿ’. ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುವುದೆಂದು ಹೇಳುವ ಕುಕ್ಕುಟ ಪಂಚಾಂಗಗಳೇ ಹುಟ್ಟಿಕೊಂಡವು. ಪ್ರಾಣಿಗಳನ್ನು ಕಾದಿಸುವುದನ್ನು 1960ರ ಪ್ರಾಣಿಹಿಂಸಾ ನಿವಾರಣೆಯ ಕಾನೂನು ನಿಷೇಧಿಸಿದೆ, ನಿಷೇಧಿಸಿದುದು ಯುಕ್ತವೇ. ಆದರೆ ಆ ಹೆಸರುಗಳಲ್ಲಿ ಅಡಗಿರುವ ದೃಷ್ಟಿಸೂಕ್ಷ್ಮತೆಯನ್ನು ಹಳಿಯುವಂತಿಲ್ಲ. ಕಾದುವ ಕೋಳಿಗಳಲ್ಲಿ ಪ್ರಸಿದ್ಧವಾದ ಅಸೀಲ್ ಎಂಬ ತಳಿಯಲ್ಲಿಯೂ ಹೊಂಗೆಂಪಿನ ‘ಪೀಲಾ’, ಕಪ್ಪು ಕೆಂಪು ಬೆರೆತ ‘ಯಾಕುಬ್’, ಬಿಳಿಯ ‘ನೂರಿ’, ಕರಿಯ ‘ಕಾಗರ್’ ಎಂದು ಬಣ್ಣಕ್ಕೊಂದು ಹೆಸರುಂಟು. ಇಲ್ಲಿ ಒಂದು ಮಾತನ್ನು ನೆನಪಿಡಬೇಕು: ಬಣ್ಣ ಹಲವು, ತಳಿ ಒಂದೇ.

ಇಷ್ಟೊಂದು ಬಣ್ಣಗಳು ಎಲ್ಲಿಂದ ಬಂದುವು? ಕೋಳಿಯ ಗರಿಯಲ್ಲಿ ವಾಸ್ತವವಾಗಿ ಇರುವ ವರ್ಣದ್ರವ್ಯಗಳು ಎರಡೇ. ಒಂದು ಕಪ್ಪು, ಇನ್ನೊಂದು ಕೆಂಪು ಹಳದಿಗಳ ನಡುವಣದು. ಒಂದು ಹೆಚ್ಚಿ ಇನ್ನೊಂದು ತಗ್ಗಿದರೆ, ತೆಳುವಾದರೆ, ಗರಿಯ ಒಂದು ಭಾಗದಲ್ಲಿ ಕಟ್ಟಿ ಇನ್ನೊಂದು ಭಾಗದಲ್ಲಿ ಬಿಟ್ಟರೆ ಪಟ್ಟೆ, ಚುಕ್ಕೆ, ಅಂಚು, ಬೂದು ಎಲ್ಲವೂ ಒದಗುವುವು. ಹುಂಜದ ಬಾಲದ ಹಸುರು ಮಿಂಚು ಕೂಡ ಹಸುರು ಬಣ್ಣವಲ್ಲ. ಕಪ್ಪು ಗರಿಯ ಸೂಕ್ಷ್ಮ ರಚನೆಯ ಮೇಲೆ ಬೆಳಕು ಆಡುವ ಆಟ. ಎಲ್ಲಕ್ಕೂ ಮೂಲವಾದ ಕೆಂಪು ಕಾಡುಕೋಳಿಯಲ್ಲಿ ಹುಂಜವು ಹೊನ್ನು ಕೆಂಪು ಕಪ್ಪುಗಳಿಂದ ಮೆರೆಯುವುದು. ಹೇಂಟೆಯದು ತರಗೆಲೆಯ ಕಂದು. ಪೊದೆಯಲ್ಲಿ ಮೊಟ್ಟೆಯ ಮೇಲೆ ಕೂತ ಆ ಹೇಂಟೆ ಎರಡು ಮಾರಿನ ದೂರದಿಂದಲೂ ಕಾಣದು. ಬಣ್ಣವು ಅಲಂಕಾರವಷ್ಟೇ ಅಲ್ಲ, ರಕ್ಷಣೆಯೂ ಹೌದೆಂಬುದಕ್ಕೆ ಇದೇ ನಿದರ್ಶನ.

ಇನ್ನು ಬಣ್ಣವು ವಂಶದಲ್ಲಿ ಇಳಿದುಬರುವ ಬಗೆ. ಕರಿಯ ಹುಂಜಕ್ಕೂ ಬಿಳಿಯ ಹೇಂಟೆಗೂ ಬೂದು ಮರಿ ಹುಟ್ಟಿದರೆ, ಹಾಲಿಗೆ ಕಾಫಿಯ ಕಷಾಯ ಬೆರೆತಂತೆ ಎರಡು ಬಣ್ಣಗಳೂ ಬೆರೆತುವೆಂದು ನಾವು ಭಾವಿಸುತ್ತೇವೆ. ಇದು ತಪ್ಪೆಂಬುದನ್ನು ಮೆಂಡೆಲ್ ಎಂಬ ಪಾದ್ರಿಯು ಬಟಾಣಿ ಗಿಡಗಳಲ್ಲಿ ತೋರಿಸಿ 1866ರಲ್ಲಿ ಪ್ರಕಟಿಸಿದನು. ಲೋಕ ಅದನ್ನು ಮರೆತು 1900ರಲ್ಲಿ ಮತ್ತೆ ಕಂಡುಕೊಂಡಿತು. ಆ ನಿಯಮವು ಗಿಡಗಳಿಗೆ ಮಾತ್ರವಲ್ಲ, ಪ್ರಾಣಿಗಳಿಗೂ ಸಲ್ಲುವುದೆಂದು 1902ರಲ್ಲಿ ಇಂಗ್ಲೆಂಡಿನ ಬೇಟ್ಸನ್ ತೋರಿಸಿದುದು ಬೇರಾವ ಪ್ರಾಣಿಯಿಂದಲೂ ಅಲ್ಲ, ಕೋಳಿಯಿಂದಲೇ.

ಆಂಡಲೂಸಿಯನ್ ಎಂಬ ನೀಲಿಬೂದು ಬಣ್ಣದ ತಳಿ ಇದಕ್ಕೆ ಚಿರಪರಿಚಿತವಾದ ಉದಾಹರಣೆ. ಅದನ್ನು ಸಾಕುವವರು ನೀಲಿಗೆ ನೀಲಿಯನ್ನೇ ಕೂಡಿಸಿದರೂ ಮರಿಗಳೆಲ್ಲ ನೀಲಿಯಾಗುತ್ತಿರಲಿಲ್ಲ. ಹದಿನಾರು ಮರಿಗಳಲ್ಲಿ ಸರಾಸರಿ ಎಂಟು ನೀಲಿ, ನಾಲ್ಕು ಕಪ್ಪು, ನಾಲ್ಕು ಚುಕ್ಕೆಗಳುಳ್ಳ ಬಿಳುಪು. ಕಪ್ಪನ್ನೂ ಬಿಳುಪನ್ನೂ ಪೀಳಿಗೆಯಿಂದ ಪೀಳಿಗೆಗೆ ತೆಗೆದುಹಾಕಿದರೂ ಅವು ತಪ್ಪದೆ ಹುಟ್ಟುತ್ತಿದ್ದುವು. ತಿರಸ್ಕೃತವಾದ ಕಪ್ಪನ್ನು ತಿರಸ್ಕೃತವಾದ ಬಿಳುಪಿಗೆ ಕೂಡಿಸಿದರೋ, ಮರಿಗಳೆಲ್ಲ ನೀಲಿ! ನೀಲಿಕೋಳಿಯ ಮೈಯಲ್ಲಿ ತಂದೆಯಿಂದ ಬಂದ ಒಂದು ವಂಶವಾಹಿಯೂ ತಾಯಿಯಿಂದ ಬಂದ ಇನ್ನೊಂದು ವಂಶವಾಹಿಯೂ ಅಕ್ಕಪಕ್ಕದಲ್ಲಿವೆ. ಕೂಡಿ ಒಂದು ಬಣ್ಣವನ್ನು ತೋರುವುವು, ಆದರೆ ಕರಗಿಲ್ಲ. ಮುಂದಿನ ಪೀಳಿಗೆಯಲ್ಲಿ ಮತ್ತೆ ಬೇರೆಯಾಗಿ ತಮ್ಮ ತಮ್ಮ ಸ್ವರೂಪದಲ್ಲಿ ನಿಲ್ಲುವುವು. ಹರಿಹರೇಶ್ವರನ ಮೂರ್ತಿಯನ್ನು ಬಲ್ಲವರಿಗೆ ಈ ತತ್ತ್ವವನ್ನು ಬೇರೆ ವಿವರಿಸಬೇಕಾದುದಿಲ್ಲ.

ಬಿಳುಪಿನಲ್ಲಿ ಎರಡು ಬಗೆಯುಂಟು. ಲೆಗ್‌ಹಾರ್ನ್ ಕೋಳಿಯ ಬಿಳುಪು ಪ್ರಬಲವಾದುದು. ಕೆಂಪು ಕಪ್ಪು ಯಾವುದಕ್ಕೆ ಕೂಡಿಸಿದರೂ ಮೊದಲ ಪೀಳಿಗೆ ಬಹುಮಟ್ಟಿಗೆ ಬಿಳಿಯದಾಗಿಯೇ ಹುಟ್ಟುವುದು. ಇನ್ನೊಂದು ಬಿಳುಪು ದುರ್ಬಲವಾದುದು. ಅದು ಬಣ್ಣದ ಕೋಳಿಯಲ್ಲಿ ಹಲವು ತಲೆಮಾರು ಅವಿತಿದ್ದು, ತಂದೆ ತಾಯಿ ಇಬ್ಬರಲ್ಲಿಯೂ ಇದ್ದಾಗ ಮಾತ್ರ ಹೊರಬೀಳುವುದು. ಕೆಂಪು ಹುಂಜಕ್ಕೂ ಕೆಂಪು ಹೇಂಟೆಗೂ ಬಿಳಿಮರಿ ಹುಟ್ಟಿದರೆ ಪಕ್ಕದ ಮನೆಯ ಹುಂಜದ ಮೇಲೆ ಅಪವಾದ ಹೊರಿಸುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಇದಕ್ಕಿಂತಲೂ ವಿಚಿತ್ರವಾದುದು ಹೊನ್ನು ಬೆಳ್ಳಿಗಳ ಕಥೆ. ಹುಂಜದಲ್ಲಿ ಲಿಂಗವನ್ನು ನಿಶ್ಚಯಿಸುವ ದೊಡ್ಡ ವರ್ಣತಂತುಗಳು ಎರಡಿವೆ; ಹೇಂಟೆಯಲ್ಲಿ ದೊಡ್ಡದೊಂದು, ಚಿಕ್ಕದೊಂದು. ದೊಡ್ಡದನ್ನು ಅದು ಗಂಡುಮರಿಗೂ ಚಿಕ್ಕದನ್ನು ಹೆಣ್ಣುಮರಿಗೂ ಕೊಡುವುದು. ಕತ್ತಿನ ಗರಿಗಳು ಹೊಂಬಣ್ಣವಾಗಬೇಕೋ ಬೆಳ್ಳಿಯ ಬಣ್ಣವಾಗಬೇಕೋ ಎಂಬುದನ್ನು ನಿಶ್ಚಯಿಸುವ ವಂಶವಾಹಿಯು ಆ ದೊಡ್ಡ ವರ್ಣತಂತುವಿನಲ್ಲಿದೆ. ಆದುದರಿಂದ ಬೆಳ್ಳಿಯ ಹೇಂಟೆಯನ್ನು ಹೊನ್ನಿನ ಹುಂಜಕ್ಕೆ ಕೂಡಿಸಿದರೆ ಗಂಡುಮರಿಗಳೆಲ್ಲ ಬೆಳ್ಳಿ, ಹೆಣ್ಣುಮರಿಗಳೆಲ್ಲ ಹೊನ್ನು. ತಾಯಿಯ ಬೆಳ್ಳಿ ಮಗಳಿಗೆ ಸಲ್ಲದು; ಮಗನ ಮೂಲಕ ಮೊಮ್ಮಗಳಿಗೆ ಸಲ್ಲುವುದು. ಮರಿ ಹುಟ್ಟಿದ ದಿನವೇ ಹೆಣ್ಣು ಗಂಡುಗಳನ್ನು ಬಣ್ಣದಿಂದ ಬೇರ್ಪಡಿಸುವ ಉಪಾಯವನ್ನು ಮೊಟ್ಟೆಯ ಉದ್ಯಮದವರು ಇದರಿಂದಲೇ ಪಡೆದರು. ಹಿತ್ತಲಲ್ಲಿ ಬೆಳ್ಳಿಯ ಹೇಂಟೆಯೊಂದನ್ನು ಮೆಚ್ಚಿ ಅದರ ಹೆಣ್ಣುಮರಿಗಳನ್ನು ಮಾತ್ರ ಉಳಿಸಿಕೊಂಡು ಗಂಡುಮರಿಗಳನ್ನೆಲ್ಲ ಮಾರಿದವನು ತಾನು ಬಯಸಿದ ಬಣ್ಣವನ್ನೇ ಮಾರಿಬಿಟ್ಟಿರುತ್ತಾನೆ.

ಗರಿಯಿಂದ ಕಾಲಿಗೆ ಇಳಿದು ನೋಡೋಣ. ಎಷ್ಟೋ ಕೋಳಿಗಳ ಕಾಲು ಹಳದಿ. ಸಾಕುಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ಸಂತಾನವೆಂದು ಡಾರ್ವಿನ್ ನಿರ್ಣಯಿಸಿದ್ದನು. ಬಹುಮಟ್ಟಿಗೆ ಅದು ನಿಜ. ಆದರೆ ಚರ್ಮವನ್ನು ಹಳದಿಯಾಗಿಸುವ ವಂಶವಾಹಿಯು ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ಸಿದ್ಧವಾಯಿತು. ಬೂದು ಕಾಡುಕೋಳಿಯ ನೆಲೆ ನಮ್ಮ ದಕ್ಷಿಣಾಪಥವೇ. ಪಶ್ಚಿಮಘಟ್ಟಗಳ ಕಾಡುಗಳಲ್ಲಿ ಅದು ಇಂದಿಗೂ ಕೂಗುತ್ತಿದೆ. ಮೇವಿನಲ್ಲಿರುವ ಹಳದಿ ದ್ರವ್ಯವನ್ನು ಒಡೆದುಹಾಕುವ ಕಿಣ್ವವೊಂದು ಚರ್ಮದಲ್ಲಿ ಸುಮ್ಮನಾಗುವುದರಿಂದ ಆ ಹಳದಿ ಅಲ್ಲಿಯೇ ನಿಲ್ಲುವುದು; ಇದು ಆ ವಂಶವಾಹಿಯ ಕೆಲಸ. ದಾವಣಗೆರೆಯ ಮೆಕ್ಕೆಜೋಳವನ್ನು ತಿಂದು ಹಳದಿಗಾಲಿನಲ್ಲಿ ನಡೆಯುವ ಕೋಳಿಯಲ್ಲಿ ಬಣ್ಣವು ಬಯಲುಸೀಮೆಯದು, ಆ ಬಣ್ಣವನ್ನು ಹಿಡಿದಿಡುವ ಶಕ್ತಿ ಮಲೆಸೀಮೆಯದು. ಲೋಕದ ಫಾರಂ ಕೋಳಿಗಳಲ್ಲಿ ಹಳದಿ ಚರ್ಮವುಳ್ಳವೆಲ್ಲವೂ ಈ ಸಾಲವನ್ನು ಹೊತ್ತಿವೆ.

ಇಷ್ಟರಿಂದ ಒಂದು ಸಂಗತಿ ಸ್ಪಷ್ಟವಾಗುವುದು. ಬಣ್ಣವನ್ನು ನಡೆಸುವ ವಂಶವಾಹಿಗಳು ಕೆಲವೇ. ಜಾಣನಾದ ಸಾಕಣೆಗಾರನು ಎರಡು ಮೂರು ಪೀಳಿಗೆಗಳಲ್ಲಿ ಬಣ್ಣವೊಂದನ್ನು ತರಬಲ್ಲ, ತೆಗೆಯಬಲ್ಲ. ಆದರೆ ಇಪ್ಪತ್ತೊಂದು ದಿನ ಕಾವು ಕೂರುವ ತಾಳ್ಮೆ, ಗಿಡುಗನ ನೆರಳು ಬಿದ್ದೊಡನೆ ಮರಿಗಳನ್ನು ರೆಕ್ಕೆಯಡಿಗೆ ಕರೆಯುವ ಎಚ್ಚರ, ತಿಪ್ಪೆ ಕೆದಕಿ ಹೊಟ್ಟೆ ಹೊರೆದುಕೊಳ್ಳುವ ಚಾತುರ್ಯ, ಬಿಸಿಲನ್ನೂ ಬೇನೆಯನ್ನೂ ತಡೆಯುವ ಕಸುವು, ಇವು ಒಂದೆರಡು ವಂಶವಾಹಿಗಳ ಕೆಲಸವಲ್ಲ. ಅನೇಕ ವಂಶವಾಹಿಗಳು ಕೂಡಿ, ಸಾವಿರಾರು ವರ್ಷ ಹಿತ್ತಲಲ್ಲಿ ಬದುಕಿ ಸತ್ತ ಕೋಳಿಗಳ ಮೂಲಕ ಸೋಸಿ ಬಂದ ಗುಣಗಳಿವು. ಬಣ್ಣ ಕಣ್ಣಿಗೆ ಬೀಳುವುದು, ಇವು ಬೀಳವು. ಆದುದರಿಂದಲೇ ಬಣ್ಣವನ್ನು ಉಳಿಸಿಕೊಂಡು ಇವನ್ನು ಕಳೆದುಕೊಳ್ಳುವುದು ಬಹು ಸುಲಭ. ಕಳೆದುದು ತಿಳಿಯುವುದೂ ಇಲ್ಲ.

ಫಾರಂ ಮಾಂಸದ ಕೋಳಿ ಬಿಳಿದಾದುದಕ್ಕೆ ಕಾರಣ ಸರಳವಾದುದು. ಗರಿ ಕಿತ್ತ ಮೇಲೆ ಉಳಿಯುವ ಮೊಳಕೆಗರಿಗಳು ಬಿಳಿಯವಾದರೆ ಮಾಂಸದ ಮೇಲೆ ಕಾಣುವುದಿಲ್ಲ, ಗಿರಾಕಿ ಮೂಗು ಮುರಿಯುವುದಿಲ್ಲ. ಆದರೆ ಹಳ್ಳಿಯ ಹಿತ್ತಲಿಗೆ ಬಿಳಿಯ ಕೋಳಿ ಒಗ್ಗಲಿಲ್ಲ. ಹದ್ದಿಗೂ ಮುಂಗುಸಿಗೂ ಅದು ದೂರದಿಂದಲೇ ಕಾಣುವುದು. ಜನರಿಗೋ ಬಿಳುಪೆಂದರೆ ಊರಕೋಳಿಯಲ್ಲವೆಂಬ ಭಾವನೆ. ಇದನ್ನರಿತು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನ ವಿಜ್ಞಾನಿಗಳು ಬಣ್ಣಬಣ್ಣದ ಗರಿಗಳುಳ್ಳ ಗಿರಿರಾಜವನ್ನು ಸಿದ್ಧಪಡಿಸಿದರು. 2005ರಲ್ಲಿ ಸ್ವರ್ಣಧಾರಾ ಬಂದಿತು. ಹಿತ್ತಲ ಹೇಂಟೆ ವರ್ಷಕ್ಕೆ ಸುಮಾರು ಐವತ್ತು ಅರವತ್ತು ಮೊಟ್ಟೆಯಿಟ್ಟರೆ ಗಿರಿರಾಜವು 130ರಿಂದ 150ರವರೆಗೂ ಸ್ವರ್ಣಧಾರಾ 180ಕ್ಕೂ ಮೇಲ್ಪಟ್ಟೂ ಇಡುವುದು. ಬಡವರ ಮನೆಗೆ ಇದರಿಂದಾದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಬಗೆಯ ಹೆಚ್ಚು ಮೊಟ್ಟೆಯ ಕೋಳಿಗಳು ಕಾವು ಕೂರುವುದನ್ನು ಬಹುಮಟ್ಟಿಗೆ ಬಿಟ್ಟಿವೆ. ಅದು ವಿಜ್ಞಾನಿಗಳ ಅಪರಾಧವಲ್ಲ. ಕಾವಿಗೆ ಕೂತ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸುವುದು, ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಬೇಕು. ಹೀಗಾಗಿ ಹೊಸ ಮರಿ ಬೇಕಾದಾಗ ಮರಿಕೇಂದ್ರದ ಬಾಗಿಲಿಗೆ ಹೋಗಬೇಕು. ಬಣ್ಣವು ಹಿತ್ತಲಿಗೆ ಮರಳಿ ಬಂದಿತು, ತಾಯಿತನ ಬರಲಿಲ್ಲ.

ಈಗ ನಾವು ಹೇಳಬೇಕೆಂದಿರುವ ಮುಖ್ಯವಾದ ಮಾತಿಗೆ ಬಂದೆವು. 20ನೆಯ ಶತಮಾನದಲ್ಲಿ ವಿದೇಶೀ ಹುಂಜಗಳನ್ನು ಹಳ್ಳಿಗಳಿಗೆ ಹಂಚುವ ಪದ್ಧತಿಯಿತ್ತು. ಬಿಳಿಯ ಲೆಗ್‌ಹಾರ್ನ್ ಹುಂಜವು ಊರಿಗೆ ಬಂದರೆ ಅದರ ಬಿಳುಪು ಪ್ರಬಲವಾದುದರಿಂದ ಬೆರಕೆಯು ಮರಿಗಳ ಮೈಮೇಲೆಯೇ ಬರೆದಂತೆ ಕಾಣುತ್ತಿತ್ತು. ಬೇಡವೆನ್ನುವವರು ಅವನ್ನು ಬೇರೆಯಿಡಬಹುದಾಗಿತ್ತು. ಬಣ್ಣದ ಸುಧಾರಿತ ಹುಂಜದ ಬೆರಕೆ ಹಾಗೆ ಕಾಣುವುದಿಲ್ಲ. ಅದರ ಮರಿಗಳೂ ಕೆಂಪು, ಕಂದು, ಕಪ್ಪು. ಊರಕೋಳಿಯ ಮರಿಗಳೂ ಅಂತೆಯೇ. ಯಾವ ಬಣ್ಣವನ್ನು ಜನ ಕುಲದ ಗುರುತೆಂದು ನಂಬಿದರೋ ಅದೇ ಬಣ್ಣವು ಕುಲದ ಬೆರಕೆಗೆ ಮುಸುಕಾಗಿದೆ. ಮೂರು ನಾಲ್ಕು ಪೀಳಿಗೆ ಕಳೆದ ಮೇಲೆ, ನೋಡುವುದಕ್ಕೆ ಅಜ್ಜಿಯ ಕಾಲದ ಕೋಳಿಯಂತೆಯೇ ಇರುವ ಹೇಂಟೆ ಮೊಟ್ಟೆಯಿಟ್ಟು ತನ್ನ ಪಾಡಿಗೆ ಎದ್ದುಹೋದಾಗ, ಮನೆಯಾಕೆ “ಈ ಕೋಳಿಗೆ ಏನಾಯಿತು?” ಎಂದು ಬೆರಗಾಗುವಳು.

ಬಣ್ಣವೊಂದೇ ಕೋಳಿಯನ್ನು ಮಾಡುವುದಾದರೆ ಜನ್ನನ ಯಶೋಧರ ಚರಿತೆಯ ಹಿಟ್ಟಿನ ಹುಂಜವನ್ನೂ ಕೋಳಿಯೆನ್ನಬೇಕಾಗುವುದು. ಜಾತ್ರೆಗಳಲ್ಲಿ ಗುಲಾಬಿ ಹಸುರುಗಳನ್ನು ಬಳಿದು ಮಾರುವ ಮರಿಗಳು ಆ ಹಿಟ್ಟಿನ ಕೋಳಿಯ ಹತ್ತಿರದ ನಂಟರು. ನಾಲ್ಕು ವಾರದಲ್ಲಿ ಹೊಸಗರಿ ಬಂದು ಬಣ್ಣ ಬಯಲಾಗುವುದು. ಆದರೆ ವಂಶದಲ್ಲಿಯೇ ಬಂದ ಬಣ್ಣ ಹಾಗೆ ಬಯಲಾಗದು.

ಹಾಗಾದರೆ ಬಣ್ಣದ ಮೋಹವನ್ನು ಬಿಟ್ಟುಬಿಡಬೇಕೆ? ಬಿಡಬೇಕಾದುದಿಲ್ಲ. ಚೆಲುವನ್ನು ಮೆಚ್ಚುವವನೇ ಕೋಳಿಯನ್ನು ಉಳಿಸುವವನು. ಲಾಭವನ್ನು ಮಾತ್ರ ನೋಡುವವನು ನಾಳೆ ಬಿಳಿಯ ಕೋಳಿಗೆ ಹೋಗುವನು. ಆದರೆ ಬಣ್ಣವನ್ನು ಕೊನೆಯ ಪರೀಕ್ಷೆಯಾಗಿಡಬೇಕು, ಮೊದಲನೆಯದಾಗಿ ಅಲ್ಲ. ಮೊದಲು ನೋಡಬೇಕಾದುದು ಹೇಂಟೆ ಕಾವು ಕೂತು ಎಷ್ಟು ಮರಿಗಳನ್ನು ಎಬ್ಬಿಸಿತು, ಅವುಗಳಲ್ಲಿ ಎಷ್ಟನ್ನು ಬೆಳೆಸಿತು ಎಂಬುದು. ಆ ಪರೀಕ್ಷೆಯಲ್ಲಿ ಗೆದ್ದ ತಾಯಂದಿರ ಮಕ್ಕಳೊಳಗೆ ಬೇಕಾದ ಬಣ್ಣವನ್ನು ಆರಿಸಿಕೊಳ್ಳಲಿ.

ಎರಡನೆಯ ಎಚ್ಚರಿಕೆ ಹುಂಜಗಳ ಸಂಖ್ಯೆಯದು. ಬಣ್ಣದ ಹುಚ್ಚಿಗೆ ಬಿದ್ದವನು ಚೆಲುವಾದ ಹುಂಜವೊಂದನ್ನು ಇಟ್ಟುಕೊಂಡು ಉಳಿದುದನ್ನು ಮಾರಿಬಿಡುವನು. ಒಂದು ಹುಂಜ, ಹತ್ತು ಹೇಂಟೆ, ಎಣಿಕೆಗೆ ಹನ್ನೊಂದು. ವಂಶಶಾಸ್ತ್ರದ ಲೆಕ್ಕವೇ ಬೇರೆ. ಹುಂಜಗಳ ಸಂಖ್ಯೆಯನ್ನು ಹೇಂಟೆಗಳ ಸಂಖ್ಯೆಯಿಂದಲೂ ನಾಲ್ಕರಿಂದಲೂ ಗುಣಿಸಿ ಒಟ್ಟು ಕೋಳಿಗಳಿಂದ ಭಾಗಿಸಬೇಕು. ಆಗ ಬರುವುದು ನಾಲ್ಕಕ್ಕಿಂತಲೂ ಕಡಮೆ. ರಕ್ತಸಂಬಂಧದ ಬಿಗಿ ಪ್ರತಿ ಪೀಳಿಗೆಯಲ್ಲಿ ನೂರಕ್ಕೆ ಸುಮಾರು ಹದಿನಾಲ್ಕರಂತೆ ಏರುವುದು. ಮೊಟ್ಟೆಗಳು ಬರಡಾಗುವುವು, ಮರಿಗಳು ಸೊರಗುವುವು. ನಾಲ್ಕೈದು ಮನೆಯವರು ಕೂಡಿ ಐದು ಹುಂಜ, ಇಪ್ಪತ್ತೈದು ಹೇಂಟೆಗಳನ್ನು ಇಟ್ಟುಕೊಂಡು, ವರ್ಷಕ್ಕೊಮ್ಮೆ ಒಂದು ಮನೆಯ ಹುಂಜವನ್ನು ಇನ್ನೊಂದು ಮನೆಗೆ ಸರದಿಯಂತೆ ಕೊಟ್ಟರೆ ಆ ಏರಿಕೆ ನೂರಕ್ಕೆ ಮೂರಕ್ಕೆ ಇಳಿಯುವುದು. ಇದಕ್ಕೆ ಕಾಸಿನ ಖರ್ಚಿಲ್ಲ, ನೆರೆಹೊರೆಯ ವಿಶ್ವಾಸವೊಂದು ಬೇಕು.

ಮೂರನೆಯದು ಲೆಕ್ಕದ ಪುಸ್ತಕ. ಕೋಳಿಯ ಕಾಲಿಗೆ ಒಂದು ಬಳೆ, ಪುಸ್ತಕದಲ್ಲಿ ಒಂದು ಸಾಲು: ತಂದೆ ಯಾವುದು, ತಾಯಿ ಯಾವುದು, ಮರಿ ಎಷ್ಟು, ಯಾವ ಬಣ್ಣ. ಹುಂಜವನ್ನು ಬದಲಾಯಿಸಿದ ಮೇಲೆ ಎರಡು ಮೂರು ವಾರ ಹಳೆಯ ಹುಂಜದ ಪ್ರಭಾವ ಹೇಂಟೆಯಲ್ಲಿ ಉಳಿದಿರುವುದರಿಂದ ಅಷ್ಟು ದಿನಗಳ ಮೊಟ್ಟೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಕೆಂಪು ಹುಂಜದಲ್ಲಿ ದುರ್ಬಲವಾದ ಬಿಳುಪು ಅವಿತಿದೆಯೋ ಎಂಬ ಸಂಶಯವಿದ್ದರೆ ಅದೇ ಬಗೆಯ ಬಿಳುಪಿನ ಹೇಂಟೆಗೆ ಕೂಡಿಸಿ ನೋಡಬಹುದು. ಅವಿತಿದ್ದುದೇ ಆದರೆ ಅರ್ಧದಷ್ಟು ಮರಿಗಳು ಬಿಳಿಯವಾಗಬೇಕು; ಎಂಟು ಮರಿಗಳಲ್ಲಿ ಎಂಟೂ ಬಣ್ಣದವೇ ಆಗುವುದು 256ರಲ್ಲಿ ಒಂದು ಸಲ ಮಾತ್ರ. ಕುಕ್ಕುಟ ಪಂಚಾಂಗಕ್ಕಿಂತ ಈ ಪಂಚಾಂಗ ಹೆಚ್ಚು ನಂಬಿಕೆಗೆ ಅರ್ಹವಾದುದು.

2019ರ ಜಾನುವಾರು ಗಣತಿಯಲ್ಲಿ ದೇಶದ ಕೋಳಿಯೇ ಮೊದಲಾದ ಸಾಕುಹಕ್ಕಿಗಳು 85 ಕೋಟಿ. ಅವುಗಳಲ್ಲಿ 31 ಕೋಟಿಗೂ ಮೇಲ್ಪಟ್ಟು ಹಿತ್ತಲಲ್ಲಿ ಬೆಳೆದವು. 2012ರ ಗಣತಿಗಿಂತ ಈ ಹಿತ್ತಲ ಸಂಖ್ಯೆ ಶೇಕಡ 45ಕ್ಕೂ ಹೆಚ್ಚು ಏರಿತ್ತು. ಹಿತ್ತಲ ಕೋಳಿಗೆ ಕೇಡಿಲ್ಲವೆಂದು ಇದರಿಂದ ಸಮಾಧಾನಪಡುವುದು ಸುಲಭ. ಗಣತಿಯವರು ತಲೆಯನ್ನು ಎಣಿಸಬಲ್ಲರು. ತಲೆಯೊಳಗಿನ ತಾಯ್ಬುದ್ಧಿಯನ್ನು ಎಣಿಸಲಾರರು. ಕೋಲಾರದ ಕಡೆಯಲ್ಲಿಯೂ ಆಂಧ್ರದಲ್ಲಿಯೂ ಇರುವ ಘಾಗಸ್ ಕೋಳಿಗೆ ರಾಷ್ಟ್ರೀಯ ತಳಿಪಟ್ಟಿಯಲ್ಲಿ ಸ್ಥಾನ ದೊರೆತಿದೆ. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಕಪ್ಪು ಗರಿಯಲ್ಲಿ ಮಾತ್ರವಲ್ಲದೆ ಮಾಂಸ ಎಲುಬುಗಳಲ್ಲಿಯೂ ಹರಡಿರುವುದರಿಂದ ಬಣ್ಣವೇ ಕುಲದ ಸಾಕ್ಷಿಯಾಗಬಲ್ಲುದು. ತುಂಗಭದ್ರೆಯ ದಡದ ಜವಾರಿ ಕೋಳಿಗೆ ಅಂಥ ಗುರುತಿಲ್ಲ. ಅದರ ಗುರುತು ಅದರ ನಡತೆಯಲ್ಲಿದೆ.

ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲವೆಂಬ ಗಾದೆಯುಂಟು. ಅರೆಯುವ ಮುನ್ನ ಕೋಳಿ ಸಾಕಿದವರನ್ನಾದರೂ ಒಂದು ಮಾತು ಕೇಳಬಹುದು. ಪಟ್ಟಣದ ಕೊಳ್ಳುವವರಾದ ನಾವು ಬಣ್ಣ ಕಂಡು ಹೆಚ್ಚು ಬೆಲೆ ಕೊಟ್ಟರೆ ಹಳ್ಳಿಯಲ್ಲಿ ಬಣ್ಣವೇ ಬೆಳೆಯುವುದು. ಗುಣವನ್ನು ಕೇಳಿ ಬೆಲೆ ಕೊಟ್ಟರೆ ಗುಣ ಬೆಳೆಯುವುದು. ಮುಂದಿನ ಸಲ ಸಂತೆಗೆ ಹೋದಾಗ ಕೆಂಪೋ ಕಪ್ಪೋ ಎಂಬುದನ್ನು ಕಣ್ಣು ನೋಡಿಕೊಳ್ಳಲಿ, ಬಾಯಿ ಮಾತ್ರ “ಇದರ ತಾಯಿ ಕಾವು ಕೂತಿತ್ತೆ?” ಎಂದು ಕೇಳಲಿ.